ಸೇತುವೆ ಮುಚ್ಚಿದರೂ ಸಂತೆ ನಿಲ್ಲಲಿಲ್ಲ

ಫೋನಿನಲ್ಲಿ ದಕ್ಷಿಣ ಅಮೆರಿಕದ ಮ್ಯಾಪ್ ತೆರೆದು ನೋಡಿ. ಮೇಲ್ತುದಿಯಲ್ಲಿ ಎರಡು ದೇಶ ಒಂದಕ್ಕೊಂದು ಅಂಟಿಕೊಂಡಿವೆ. ಎಡಕ್ಕೆ ಕೊಲಂಬಿಯಾ, ಬಲಕ್ಕೆ ವೆನೆಜುವೆಲಾ. ನಡುವಿನ ಗಡಿ 2,200 ಕಿಲೋಮೀಟರಿಗೂ ಉದ್ದ. ಆ ಗಡಿಯ ಮೇಲೆ ಕೂಕುತಾ ಎಂಬ ಊರನ್ನು ಹುಡುಕಿ. ಅದರ ಪಕ್ಕದಲ್ಲೇ ತಾಚಿರಾ ಅಂತ ಒಂದು ಸಣ್ಣ ನದಿ, ನದಿಯ ಮೇಲೆ ಮುನ್ನೂರು ಮೀಟರಿಗೆ ತುಸು ಹೆಚ್ಚು ಉದ್ದದ ಒಂದು ಸೇತುವೆ. ಹೆಸರು ಸಿಮೊನ್ ಬೊಲಿವಾರ್ ಸೇತುವೆ. ಈ ಬರಹ ಆ ಸೇತುವೆಯ ಬಗ್ಗೆ.

ಅಷ್ಟು ದೂರದ ಸೇತುವೆ ಕಟ್ಟಿಕೊಂಡು ನಮಗೇನು ಅಂತ ಕೇಳಬಹುದು. ಎಲ್ಲಿ ಎರಡು ಸರ್ಕಾರಗಳಿಗೆ ಜಗಳವಾದರೂ ಮೊದಲು ಕೇಳುವ ಕೂಗು 'ಗಡಿ ಮುಚ್ಚಿ, ವ್ಯಾಪಾರ ನಿಲ್ಲಿಸಿ, ಅವರಿಗೆ ಬುದ್ಧಿ ಬರುತ್ತದೆ' ಅನ್ನುವುದು. ಟಿವಿಯಲ್ಲಿ ಕೂತವರಿಗೆ ಇದು ಬಹಳ ಸುಲಭದ ಮಾತು. ಈ ಮಾತನ್ನು ನಿಜವಾಗಿ ಮಾಡಿ ನೋಡಿದ ಊರು ಕೂಕುತಾ. ಅಲ್ಲಿ ಏಳು ವರ್ಷ ಗಡಿಯಲ್ಲಿ ಸರಕಿನ ಲಾರಿಗಳು ಓಡಾಡಲಿಲ್ಲ. ವ್ಯಾಪಾರ ಮಾತ್ರ ನಡೆಯುತ್ತಲೇ ಇತ್ತು, ಬೇರೆಯವರ ಕೈಗೆ ಹೋಗಿತ್ತು ಅಷ್ಟೇ. ಯಾರ ಕೈಗೆ ಹೋಯಿತು, ಅದರ ಬೆಲೆ ಯಾರು ತೆತ್ತರು ಅನ್ನುವುದೇ ನನ್ನ ತಕರಾರು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಎರಡು ದೇಶ ಒಂದು ಕಾಲಕ್ಕೆ ಒಂದೇ ಮನೆ. ಸ್ಪೇನ್ ದೊರೆಗಳಿಂದ ಬಿಡಿಸಿಕೊಂಡ ಮೇಲೆ ಒಂದೇ ದೇಶವಾಗಿ ಇರೋಣ ಅಂತ 1821ರಲ್ಲಿ ಸಂವಿಧಾನ ಬರೆದರು. ಬರೆದ ಜಾಗ ವಿಯಾ ದೆಲ್ ರೊಸಾರಿಯೊ, ಈಗಿನ ಸೇತುವೆಗೆ ಕೂಗಳತೆಯ ದೂರ. ಸಭೆ ನಡೆದ ಚರ್ಚಿನ ಮುರುಕು ಗೋಡೆ ಈಗಲೂ ಅಲ್ಲಿ ನಿಂತಿದೆ. 1830ರ ಹೊತ್ತಿಗೆ ಅಣ್ಣತಮ್ಮಂದಿರು ಪಾಲಾದರು. ಪಾಲಾದರೂ ಎರಡು ದೇಶದ ಬಾವುಟದಲ್ಲಿ ಅದೇ ಹಳದಿ, ನೀಲಿ, ಕೆಂಪು ಉಳಿಯಿತು. ಆಡುವ ಮಾತು ಒಂದೇ, ಹಬ್ಬ ಒಂದೇ. ಕೂಕುತಾದಲ್ಲಿ ಹುಟ್ಟಿದವಳು ಆಚೆ ದಡದ ಸಾನ್ ಆಂಟೋನಿಯೊಗೆ ಸೊಸೆಯಾಗಿ ಹೋಗುವುದು ದೊಡ್ಡ ಸುದ್ದಿಯೇನಲ್ಲ.

ಭೂಮಿಯೂ ಹಾಗೇ ಇದೆ. ಕೂಕುತಾದಿಂದ ತನ್ನದೇ ದೇಶದ ರಾಜಧಾನಿ ಬೊಗೊತಾಗೆ ಹೋಗಲು ಆಂಡೀಸ್ ಬೆಟ್ಟ ಹತ್ತಿ ಇಳಿಯಬೇಕು. ಸಮುದ್ರಕ್ಕೆ ಹತ್ತಿರದ ದಾರಿ ಮಾತ್ರ ಪಕ್ಕದ ದೇಶದ ಮರಕೈಬೊ ಸರೋವರದ ಕಡೆಗೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೂಕುತಾದವರು ರೈಲು ಹಳಿ ಹಾಕಿದ್ದು ಬೊಗೊತಾ ಕಡೆಗಲ್ಲ, ಮರಕೈಬೊಗೆ ಹೋಗುವ ನದಿ ಬಂದರಿನ ಕಡೆಗೆ. ಅವರ ಕಾಫಿ ಹಡಗು ಹತ್ತುತ್ತಿದ್ದದ್ದು ಆ ದಾರಿಯಲ್ಲಿ. ತೀರಾ ಈಚಿನವರೆಗೂ ಆ ಸೀಮೆಯ ಕಲ್ಲಿದ್ದಲು ವೆನೆಜುವೆಲಾ ಬಂದರಿನಿಂದಲೇ ಹೊರಗೆ ಹೋಗುತ್ತಿತ್ತು. ನೀರು ಇಳಿಜಾರಿಗೆ ಹರಿದ ಹಾಗೆ ಅಲ್ಲಿಯ ಸರಕು ಪೂರ್ವಕ್ಕೆ ಹರಿಯುತ್ತದೆ. ರಾಜಧಾನಿಯಲ್ಲಿ ಕೂತು ಗೆರೆ ಎಳೆದವರಿಗೆ ಇದು ಗೊತ್ತಾಗುವುದಿಲ್ಲ.

ಇನ್ನು ವ್ಯಾಪಾರದ ಲೆಕ್ಕ. 2008ರಲ್ಲಿ ಎರಡು ದೇಶದ ನಡುವಿನ ವ್ಯಾಪಾರ 700 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ 600 ಕೋಟಿಯಷ್ಟು ಕೊಲಂಬಿಯಾ ಕಳಿಸಿದ್ದು. ದನದ ಮಾಂಸ, ಜಾನುವಾರು, ಬಟ್ಟೆ, ಚಪ್ಪಲಿ, ಬೂಟು, ಕಾರು ಎಲ್ಲಾ ಹೋಗುತ್ತಿತ್ತು. ಎಣ್ಣೆಯ ದುಡ್ಡು ತುಂಬಿ ತುಳುಕುತ್ತಿದ್ದ ವೆನೆಜುವೆಲಾ ತಾನು ಬೆಳೆಯುವುದನ್ನೂ ಮಾಡುವುದನ್ನೂ ಕಡಿಮೆ ಮಾಡಿ, ಕೊಳ್ಳುವುದನ್ನು ಹೆಚ್ಚು ಮಾಡಿತ್ತು.

ಆದರೆ ಆ 700 ಕೋಟಿಯನ್ನು ಪೂರ್ತಿ ನಂಬಬೇಡಿ. ವೆನೆಜುವೆಲಾದಲ್ಲಿ 2003ರಿಂದ ಡಾಲರಿಗೆ ಸರ್ಕಾರಿ ದರ ಒಂದು, ಕಾಳಸಂತೆ ದರ ಇನ್ನೊಂದು. ಹೊರದೇಶದಿಂದ ಸಾಮಾನು ತರಿಸುತ್ತೇನೆ ಅಂತ ಬಿಲ್ಲು ತೋರಿಸಿದವನಿಗೆ ಸರ್ಕಾರ ಅಗ್ಗದ ದರದಲ್ಲಿ ಡಾಲರ್ ಕೊಡುತ್ತಿತ್ತು. ಸಾಮಾನು ತರುವುದಕ್ಕಿಂತ ಬಿಲ್ಲು ತರುವುದರಲ್ಲೇ ಲಾಭ ಜಾಸ್ತಿ ಅಂತ ಬೇಗ ಕಂಡುಕೊಂಡರು. ಹತ್ತು ರೂಪಾಯಿಯ ಮಾಲಿಗೆ ನೂರರ ಬಿಲ್ಲು, ಕೆಲವೊಮ್ಮೆ ಮಾಲೇ ಇಲ್ಲದ ಬಿಲ್ಲು. ಹಾಗೆ ಸಿಕ್ಕ ಡಾಲರನ್ನು ಕಾಳಸಂತೆಯಲ್ಲಿ ಮಾರಿದರೆ ಸಾಕು. ಎಷ್ಟೋ ರಫ್ತು ಬರೀ ಕಾಗದದ ಮೇಲೆ ನಡೆದಿತ್ತು ಅನ್ನುವುದು ಆಮೇಲೆ ಕೊಲಂಬಿಯಾದ ತನಿಖೆಗಳಲ್ಲಿ ಹೊರಬಿತ್ತು. ನಿಜವಾಗಿ ಮಾಲು ಕಳಿಸಿದ ಸಣ್ಣ ಕಾರ್ಖಾನೆಯವರ ಗತಿ ಬೇರೆ. ಅವರ ಬಾಕಿಗೆ ಡಾಲರ್ ಮಂಜೂರಾಗದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯಬೇಕಾಯಿತು. ಕಬ್ಬು ಕಳಿಸಿ ಬಿಲ್ಲಿಗೆ ಕಾದವರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ.

ಬಿರುಕು ಬಿಟ್ಟದ್ದು ರಾಜಕೀಯದಿಂದ. ಕೊಲಂಬಿಯಾ ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು ಅಂತ ಅಧ್ಯಕ್ಷ ಹ್ಯೂಗೋ ಚಾವೆಜ್ 2006ರಲ್ಲಿ ಆಂಡಿಯನ್ ದೇಶಗಳ ವ್ಯಾಪಾರ ಕೂಟದಿಂದ ಹೊರಬಂದರು. 2009ರಲ್ಲಿ ಅಮೆರಿಕದ ಸೈನ್ಯಕ್ಕೆ ಕೊಲಂಬಿಯಾದ ನೆಲೆಗಳನ್ನು ಬಳಸಲು ಬಿಡುವ ವಿಚಾರಕ್ಕೆ ಜಗಳ ಜೋರಾಯಿತು. ಚಾವೆಜ್ ಸಂಬಂಧ ತಡೆಹಿಡಿದು, ಕೊಲಂಬಿಯಾದಿಂದ ಕೊಳ್ಳುವುದನ್ನು ಬೇರೆ ದೇಶಗಳಿಂದ ಕೊಳ್ಳುತ್ತೇವೆ ಅಂದರು. ಎರಡೇ ವರ್ಷದಲ್ಲಿ ಕೊಲಂಬಿಯಾದ ರಫ್ತು 600 ಕೋಟಿಯಿಂದ 150 ಕೋಟಿಗಿಂತ ಕೆಳಗೆ ಬಿತ್ತು. ಜಗಳ ಆಡಿದ್ದು ಇಬ್ಬರು ಅಧ್ಯಕ್ಷರು. ಗಿರಾಕಿ ಕಳೆದುಕೊಂಡದ್ದು ಬೂಟು ಹೊಲಿಯುವವನು, ದನ ಸಾಕುವವನು. 2010ರಲ್ಲಿ ಹೊಸ ಅಧ್ಯಕ್ಷ ಸಾಂತೋಸ್ ಮತ್ತು ಚಾವೆಜ್ ಕೈಕುಲುಕಿದರು. ಹೋದ ಗಿರಾಕಿಗಳಲ್ಲಿ ತುಂಬಾ ಜನ ವಾಪಸ್ ಬರಲಿಲ್ಲ.

ಇನ್ನು ಪೆಟ್ರೋಲಿನ ವಿಷಯ. ಇದನ್ನು ಬಿಟ್ಟರೆ ಕಥೆ ಅರ್ಥವಾಗುವುದಿಲ್ಲ.

ವೆನೆಜುವೆಲಾದಲ್ಲಿ ಸುಮಾರು ಇಪ್ಪತ್ತು ವರ್ಷ ಪೆಟ್ರೋಲ್ ದರ ಏರಿಸಿರಲೇ ಇಲ್ಲ. ಹಣದ ಬೆಲೆ ಕುಸಿಯುತ್ತಾ ಹೋದಂತೆ ಅದು ಹೆಚ್ಚುಕಡಿಮೆ ಪುಕ್ಕಟೆಯಾಯಿತು. ಕಾರಿನ ಟ್ಯಾಂಕ್ ತುಂಬಿಸುವ ದುಡ್ಡಿಗೆ ಒಂದು ಬಾಟಲಿ ಕುಡಿಯುವ ನೀರು ಬರುತ್ತಿರಲಿಲ್ಲ. ಅದೇ ಪೆಟ್ರೋಲಿಗೆ ನದಿಯ ಈಚೆ ಪೂರ್ತಿ ಬೆಲೆ. ಅಂದಮೇಲೆ ಏನಾಗುತ್ತದೆ? ನಮ್ಮಲ್ಲಿ ರೇಷನ್ನಿನ ಸೀಮೆಎಣ್ಣೆ ಬಂಕಿನ ಡೀಸೆಲ್ಲಿಗೆ ಬೆರೆತದ್ದು ಯಾಕೆ, ಸಬ್ಸಿಡಿ ಯೂರಿಯಾ ಪ್ಲೈವುಡ್ ಕಾರ್ಖಾನೆಗೆ ಹೋಗುವುದು ಯಾಕೆ ಅಂತ ಗೊತ್ತಿರುವವರಿಗೆ ಉತ್ತರವೂ ಗೊತ್ತು. ಕೂಕುತಾದ ರಸ್ತೆ ಬದಿಯಲ್ಲಿ ಸಾವಿರಾರು ಜನ ಪ್ಲಾಸ್ಟಿಕ್ ಕ್ಯಾನುಗಳನ್ನು ಸಾಲಾಗಿ ಇಟ್ಟುಕೊಂಡು, ಕೊಳವೆ ಹಿಡಿದು ಪೆಟ್ರೋಲ್ ಮಾರುತ್ತಿದ್ದರು. ಕ್ಯಾನಿಗೆ ಅಲ್ಲಿ ಪಿಂಪಿನಾ ಅನ್ನುತ್ತಾರೆ, ಮಾರುವವರಿಗೆ ಪಿಂಪಿನೆರೊ ಅಂತ ಹೆಸರು. ಪೆಟ್ರೋಲ್ ಜೊತೆಗೆ ಸರ್ಕಾರ ಅಗ್ಗದ ದರದಲ್ಲಿ ಕೊಡುತ್ತಿದ್ದ ಹಾಲಿನ ಪುಡಿ, ಅಕ್ಕಿ, ಎಣ್ಣೆಯೂ ಗಡಿ ದಾಟುತ್ತಿತ್ತು.

ವೆನೆಜುವೆಲಾಕ್ಕೆ ಇದರಿಂದ ನಷ್ಟವಾಗುತ್ತಿತ್ತು, ಅದು ಸುಳ್ಳಲ್ಲ. ಅಷ್ಟರಮಟ್ಟಿಗೆ ಅಲ್ಲಿನ ಸರ್ಕಾರದ ಸಿಟ್ಟು ನ್ಯಾಯವೇ. ಆದರೆ ಕಳ್ಳಸಾಗಣೆಯ ಬೇರು ಇದ್ದದ್ದು ಎರಡು ದರದ ನಡುವಿನ ಅಂತರದಲ್ಲಿ, ಸೇತುವೆಯಲ್ಲಿ ಅಲ್ಲ. ಟ್ಯಾಂಕರುಗಟ್ಟಲೆ ಪೆಟ್ರೋಲ್ ಗಡಿ ದಾಟಬೇಕಾದರೆ ಯೂನಿಫಾರ್ಮ್ ಹಾಕಿದವರ ಕಣ್ಣು ತಪ್ಪಿಸಿ ದಾಟಲು ಆಗುತ್ತದೆಯೇ? ದರ ಸರಿಮಾಡುವುದು ಕಷ್ಟ, ಅದಕ್ಕೆ ಓಟು ಹೋಗುತ್ತದೆ. ಗೇಟು ಹಾಕುವುದು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ.

2015ರ ಆಗಸ್ಟ್‌ನಲ್ಲಿ ಸಾನ್ ಆಂಟೋನಿಯೊದಲ್ಲಿ ಕಳ್ಳಸಾಗಣೆ ತಡೆಯಲು ಹೋದ ಮೂವರು ಸೈನಿಕರ ಮೇಲೆ ಗುಂಡು ಹಾರಿತು. ಅವರಿಗೆ ಗಾಯವಾಯಿತು. ಅಧ್ಯಕ್ಷ ನಿಕೊಲಾಸ್ ಮದುರೊ ಗಡಿ ಮುಚ್ಚಿಸಿದರು. ಗಡಿ ಬದಿಯ ಬಡಾವಣೆಗಳಲ್ಲಿದ್ದ ಕೊಲಂಬಿಯಾದವರನ್ನು ಹೊರಹಾಕಿದರು. ತಪಾಸಣೆ ಆದ ಮನೆಗೆ ಒಂದು ಅಕ್ಷರ, ಕೆಡವಬೇಕಾದ ಮನೆಗೆ ಇನ್ನೊಂದು ಅಕ್ಷರ ಬಣ್ಣದಲ್ಲಿ ಬರೆದರು. ಹೊರಹಾಕಿಸಿಕೊಂಡವರು, ಹೆದರಿ ತಾವೇ ಹೊರಟವರು ಎಲ್ಲಾ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಜನ. ಸೇತುವೆ ಮುಚ್ಚಿತ್ತಲ್ಲ, ಮೊಣಕಾಲುದ್ದ ನೀರಿನಲ್ಲಿ ಇಳಿದು ಮಂಚ, ಹಾಸಿಗೆ, ಫ್ರಿಜ್ಜು, ಕೋಳಿ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನದಿ ದಾಟಿದರು. ಆ ಫೋಟೋಗಳನ್ನು ಆಗ ಜಗತ್ತೇ ನೋಡಿತು.

ಕಳ್ಳಸಾಗಣೆ ನಿಂತಿತೇ? ನದಿಯುದ್ದಕ್ಕೂ ಪೊದೆಗಳ ನಡುವೆ ಕಾಲುದಾರಿಗಳಿವೆ, ಅವಕ್ಕೆ ಟ್ರೋಚಾ ಅನ್ನುತ್ತಾರೆ. ಮೊದಲೂ ಇದ್ದವು. ಸೇತುವೆ ಮುಚ್ಚಿದ ಮೇಲೆ ಅವೇ ಹೆದ್ದಾರಿಯಾದವು. ಹೆದ್ದಾರಿ ಅಂದಮೇಲೆ ಟೋಲ್ ಬೇಕಲ್ಲ. ಟೋಲ್ ವಸೂಲಿಗೆ ಬಂದೂಕು ಹಿಡಿದವರು ಬಂದು ಕೂತರು. ಇಎಲ್‌ಎನ್ ಎಂಬ ಗೆರಿಲ್ಲಾ ಗುಂಪು, ರಾಸ್ತ್ರೋಹೋಸ್ ಎಂಬ ಮಾದಕವಸ್ತು ದಂಧೆಯ ಗುಂಪು, ಆಮೇಲೆ ವೆನೆಜುವೆಲಾದ ಜೈಲಿನಲ್ಲಿ ಹುಟ್ಟಿದ ತ್ರೆನ್ ದೆ ಅರಾಗ್ವಾ, ಇವರೆಲ್ಲಾ ಈ ದಾರಿಗಳಿಗಾಗಿ ಹೊಡೆದಾಡಿದರು. ತಲೆಗೆ ಇಷ್ಟು, ಚೀಲಕ್ಕೆ ಇಷ್ಟು, ದನಕ್ಕೆ ಇಷ್ಟು. ಮೊದಲು ಕಸ್ಟಮ್ಸ್ ಕಟ್ಟೆಯಲ್ಲಿ ಸುಂಕ ಕಟ್ಟಿ ರಸೀದಿ ಪಡೆಯುತ್ತಿದ್ದ ವ್ಯಾಪಾರಿ ಈಗ ಬಂದೂಕಿನವನಿಗೆ ಕೊಟ್ಟು ಸುಮ್ಮನೆ ಬರಬೇಕಾಯಿತು. ಸರ್ಕಾರದ ಬೊಕ್ಕಸಕ್ಕೆ ಸೊನ್ನೆ. ಗಡಿ ಮುಚ್ಚುವುದು ದೇಶಭಕ್ತಿ ಅನ್ನುವವರು ಈ ಒಂದು ಲೆಕ್ಕಕ್ಕೆ ಉತ್ತರ ಹೇಳಬೇಕು: ಆ ಸುಂಕ ಯಾರ ಜೇಬಿಗೆ ಹೋಯಿತು, ಆ ದುಡ್ಡಿನಿಂದ ಯಾರು ಬಂದೂಕು ಕೊಂಡರು?

ಆಮೇಲೆ ಕಾಲ ತಿರುಗಿತು. ಎಣ್ಣೆ ಬೆಲೆ ಬಿದ್ದು, ವೆನೆಜುವೆಲಾದಲ್ಲಿ ಅಂಗಡಿಗಳು ಬರಿದಾದವು. ಮೊದಲು ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದ ಅಕ್ಕಿ, ಹಾಲಿನ ಪುಡಿ ಈಗ ಈ ಕಡೆಯಿಂದ ಆ ಕಡೆಗೆ. 2016ರ ಜುಲೈ 5ರಂದು ಉರೇನ್ಯಾ ಊರಿನ ಐನೂರರಷ್ಟು ಹೆಂಗಸರು ಬಿಳಿ ಬಟ್ಟೆ ಹಾಕಿಕೊಂಡು, ಕಾವಲಿದ್ದ ಸೈನಿಕರನ್ನು ತಳ್ಳಿಕೊಂಡು ಸೇತುವೆ ದಾಟಿದರು. ಕೂಕುತಾದ ಅಂಗಡಿಗಳಲ್ಲಿ ಎಣ್ಣೆ, ಸಕ್ಕರೆ, ಹಿಟ್ಟು, ಔಷಧಿ ಕೊಂಡು ಅದೇ ದಿನ ವಾಪಸ್ ಹೋದರು. ಅವರಿಗೆ ಹೊಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಆ ಹೆಂಗಸರ ಒತ್ತಡಕ್ಕೇ ಸರ್ಕಾರ ಮುಂದಿನ ಎರಡು ಭಾನುವಾರ ಕೆಲವು ಗಂಟೆ ಗೇಟು ತೆಗೆಯಬೇಕಾಯಿತು. ಎರಡನೇ ವಾರ ಒಂದು ಲಕ್ಷಕ್ಕೂ ಹೆಚ್ಚು ಜನ ದಾಟಿದರು ಅಂತ ವರದಿಯಾಯಿತು. ಆಗಸ್ಟ್‌ನಲ್ಲಿ ನಡೆದು ಹೋಗುವವರಿಗೆ ಸೇತುವೆ ತೆರೆಯಿತು. ಲಾರಿಗಳಿಗೆ ಇಲ್ಲ. ಈ ಇಡೀ ಕಥೆಯಲ್ಲಿ ನನಗೆ ನಾಯಕರು ಅಂತ ಕಾಣುವುದು ಆ ಹೆಂಗಸರು ಮಾತ್ರ. ಎರಡು ವಿದೇಶಾಂಗ ಇಲಾಖೆಗಳು ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಚೀಲ ಹಿಡಿದ ಗೃಹಿಣಿಯರು ಒಂದು ಬೆಳಗ್ಗೆ ಮಾಡಿದರು.

ವೆನೆಜುವೆಲಾದ ನೋಟಿನ ಬೆಲೆ ಎಷ್ಟು ಕುಸಿಯಿತೆಂದರೆ, ಕೂಕುತಾದ ಬೀದಿಯಲ್ಲಿ ಆ ನೋಟುಗಳನ್ನು ಮಡಚಿ ಹೆಣೆದು ಕೈಚೀಲ, ಪರ್ಸು ಮಾಡಿ ಮಾರತೊಡಗಿದರು. ನೋಟಿನಿಂದ ಕೊಳ್ಳುವುದಕ್ಕಿಂತ ನೋಟನ್ನೇ ಹೆಣೆದು ಮಾರಿದರೆ ಹೆಚ್ಚು ಸಿಗುತ್ತಿತ್ತು. ಲಕ್ಷಾಂತರ ಜನ ಇದೇ ಸೇತುವೆ ದಾಟಿ ವಲಸೆ ಬಂದರು. ಕೊಲಂಬಿಯಾ ಒಂದರಲ್ಲೇ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ವೆನೆಜುವೆಲಾದವರು ನೆಲೆಸಿದ್ದಾರೆ. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಕೂಲಿಗಾಗಿ ಕೊಲಂಬಿಯಾದವರು ಆ ಕಡೆ ಹೋಗಿದ್ದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಕೂಡ ಈ ಕಡೆ ಬಂದಿದ್ದಾರೆ.

2020ರಲ್ಲಿ ಇನ್ನೊಂದು ವಿಚಿತ್ರ. ಸಂಸ್ಕರಣಾ ಘಟಕಗಳು ಕೆಟ್ಟು, ಅಮೆರಿಕದ ನಿರ್ಬಂಧವೂ ಸೇರಿ ವೆನೆಜುವೆಲಾದಲ್ಲೇ ಪೆಟ್ರೋಲ್ ಇಲ್ಲದಂತಾಯಿತು. ಆಗ ಕೊಲಂಬಿಯಾದ ಪೆಟ್ರೋಲ್ ಕ್ಯಾನಿನಲ್ಲಿ ಅದೇ ಟ್ರೋಚಾ ಹಿಡಿದು ವೆನೆಜುವೆಲಾಕ್ಕೆ ಹೋಯಿತು. ಪೆಟ್ರೋಲ್ ಕದಿಯುತ್ತಾರೆ ಅಂತ ಹಾಕಿದ ಗೇಟು ಕೊನೆಗೆ ಪೆಟ್ರೋಲ್ ಒಳಗೆ ಬರುವುದಕ್ಕೇ ಅಡ್ಡವಾಯಿತು. ಆ ವರ್ಷ ಕೊಲಂಬಿಯಾದಿಂದ ಲೆಕ್ಕಕ್ಕೆ ಸಿಕ್ಕ ರಫ್ತು 20 ಕೋಟಿ ಡಾಲರ್ ಆಸುಪಾಸು. 2008ರ 600 ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿ.

ರೈತರಿಗೆ ನೇರವಾಗಿ ತಟ್ಟಿದ ಸಂಗತಿ ಬೇರೆಯೇ ಇದೆ, ಅದು ನಡೆದದ್ದು ಗಡಿಯಲ್ಲಲ್ಲ, ಸಮುದ್ರ ದಡದ ಬಾರಾಂಕಿಯಾ ನಗರದಲ್ಲಿ. ಅಲ್ಲಿ ಮೊನೊಮೆರೊಸ್ ಅಂತ ಒಂದು ಗೊಬ್ಬರ ಕಾರ್ಖಾನೆ ಇದೆ. 1967ರಲ್ಲಿ ಎರಡು ದೇಶ ಪಾಲು ಹಾಕಿ ಶುರುಮಾಡಿದ್ದು. 2006ರಲ್ಲಿ ವೆನೆಜುವೆಲಾದ ಸರ್ಕಾರಿ ಕಂಪನಿ ಪೆಕಿವೆನ್ ಪೂರ್ತಿ ಕೊಂಡುಕೊಂಡಿತು. ಅಂದರೆ ಕಾರ್ಖಾನೆ ಕೊಲಂಬಿಯಾದ ನೆಲದಲ್ಲಿ, ಯಜಮಾನ ವೆನೆಜುವೆಲಾ. ಕೊಲಂಬಿಯಾದ ಕಾಫಿ, ಆಲೂಗಡ್ಡೆ, ಭತ್ತ ಬೆಳೆಯುವವರು ಬಳಸುವ ಗೊಬ್ಬರದಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಬರುತ್ತಿತ್ತು.

2019ರಲ್ಲಿ ಕೊಲಂಬಿಯಾ ಸರ್ಕಾರ ಮದುರೊ ಅಧ್ಯಕ್ಷರೇ ಅಲ್ಲ, ವಿರೋಧಿ ನಾಯಕ ಹ್ವಾನ್ ಗ್ವಾಯ್ದೊ ಅವರೇ ಅಧ್ಯಕ್ಷ ಅಂತ ಒಪ್ಪಿಕೊಂಡಿತು. ಗ್ವಾಯ್ದೊ ಕಡೆಯವರು ಕಾರ್ಖಾನೆಯ ಆಡಳಿತಕ್ಕೆ ಕೂತರು. ಅವರಲ್ಲೇ ಪಕ್ಷ ಪಕ್ಷದ ನಡುವೆ ಕಿತ್ತಾಟ, ನಮ್ಮ ಸಹಕಾರ ಸಂಘಗಳ ನಿರ್ದೇಶಕರ ಕಿತ್ತಾಟದ ಹಾಗೇ. 2021ರಲ್ಲಿ ಕೊಲಂಬಿಯಾದ ಕಂಪನಿ ನಿಯಂತ್ರಣ ಇಲಾಖೆ ಕಾರ್ಖಾನೆಯನ್ನು ತನ್ನ ನಿಗಾದಲ್ಲಿ ಇಡಬೇಕಾಯಿತು. ಆ ಹೊತ್ತಿಗೇ ಜಗತ್ತಿನ ಎಲ್ಲೆಡೆ ಗೊಬ್ಬರದ ಬೆಲೆ ಏರುತ್ತಿತ್ತು, 2022ರಲ್ಲಿ ಉಕ್ರೇನ್ ಯುದ್ಧ ಬಂದು ಇನ್ನೂ ಏರಿತು. ಅದೇ ಯುದ್ಧದ ವರ್ಷ ಡಿಎಪಿ ಸಿಗದೆ ಸಾಲಿನಲ್ಲಿ ನಿಂತ ನೆನಪು ನಿಮ್ಮಲ್ಲಿ ಕೆಲವರಿಗೆ ಇರಬಹುದು. ಕೊಲಂಬಿಯಾದ ರೈತ ಆ ಬೆಲೆಯ ಜೊತೆಗೆ ತನ್ನ ಮನೆ ಬಾಗಿಲಲ್ಲೇ ಇದ್ದ ಕಾರ್ಖಾನೆಯ ಜಗಳವನ್ನೂ ಹೊತ್ತುಕೊಂಡ. ಯಾರು ನಿಜವಾದ ಅಧ್ಯಕ್ಷ ಅನ್ನುವ ಪ್ರಶ್ನೆಗೂ ಆಲೂಗಡ್ಡೆ ಗಿಡದ ಬುಡಕ್ಕೂ ಏನು ಸಂಬಂಧ ಅಂದರೆ, ಸಂಬಂಧ ಇದು. 2022ರಲ್ಲಿ ಕಾರ್ಖಾನೆ ಮತ್ತೆ ಮದುರೊ ಸರ್ಕಾರದ ಕೈಗೆ ಹೋಯಿತು.

ಆ ವರ್ಷ ಆಗಸ್ಟ್‌ನಲ್ಲಿ ಗುಸ್ತಾವೊ ಪೆತ್ರೊ ಕೊಲಂಬಿಯಾದ ಅಧ್ಯಕ್ಷರಾದರು. ಸೆಪ್ಟೆಂಬರ್ 26ಕ್ಕೆ ಸಿಮೊನ್ ಬೊಲಿವಾರ್ ಸೇತುವೆಯ ಮೇಲೆ ಏಳು ವರ್ಷದ ನಂತರ ಮೊದಲ ಸರಕಿನ ಲಾರಿಗಳು ದಾಟಿದವು. ಪೆತ್ರೊ ಬಂದಿದ್ದರು, ಮದುರೊ ಬರಲಿಲ್ಲ. ಸ್ವಲ್ಪ ದೂರದಲ್ಲಿ ತಿಯೆಂಡಿತಾಸ್ ಅಂತ ಇನ್ನೊಂದು ಹೊಚ್ಚಹೊಸ ದೊಡ್ಡ ಸೇತುವೆ ಇದೆ. ಎರಡು ದೇಶ ಕೂಡಿ ದುಡ್ಡು ಹಾಕಿ 2016ರಲ್ಲೇ ಕಟ್ಟಿ ಮುಗಿಸಿದ್ದರು. ಕಟ್ಟಿದ್ದು ವ್ಯಾಪಾರಕ್ಕೆ. ಮುಗಿಯುವ ಹೊತ್ತಿಗೆ ಗಡಿಯೇ ಮುಚ್ಚಿತ್ತು. 2019ರಲ್ಲಿ ಅದರ ಮೇಲೆ ಕಂಟೇನರುಗಳನ್ನು ಅಡ್ಡ ಇಟ್ಟ ಫೋಟೋ ನೀವೂ ನೋಡಿರಬಹುದು. ಕೊನೆಗೆ 2023ರ ಜನವರಿ 1ಕ್ಕೆ ತೆರೆಯಿತು. ನಮ್ಮಲ್ಲಿ ರಸ್ತೆ ಜೋಡಿಸದೆ ಬಿಟ್ಟ ಸೇತುವೆಗಳನ್ನು ನೋಡಿ ನಗುವವರಿಗೆ ಇದೊಂದು ಸಮಾಧಾನ.

ತೆರೆದ ತಕ್ಷಣ ಎಲ್ಲಾ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ರಫ್ತು ನಿಧಾನಕ್ಕೆ ಏರಿ 2024ರಲ್ಲಿ 100 ಕೋಟಿ ಡಾಲರ್ ಸುತ್ತಮುತ್ತ ಬಂತು. ಹಳೆಯದರ ಆರನೇ ಒಂದು ಪಾಲು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ವೆನೆಜುವೆಲಾದಲ್ಲಿ ಕೊಳ್ಳುವ ಶಕ್ತಿ ಉಳಿದಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಹೋಗುವ ದಾರಿ ನಿರ್ಬಂಧಗಳಿಂದ ಕಟ್ಟಿಕೊಂಡಿದೆ. ಬಾಕಿ ಉಳಿಸಿಕೊಂಡ ಹಳೇ ಗಿರಾಕಿಗೆ ಮತ್ತೆ ಉದ್ರಿ ಕೊಡಲು ಯಾರಿಗೂ ಧೈರ್ಯವಿಲ್ಲ. ಏಳು ವರ್ಷದಲ್ಲಿ ಬೇರೆ ದೇಶದವರು ಆ ಜಾಗಕ್ಕೆ ಬಂದು ಕೂತಿದ್ದಾರೆ. ಟ್ರೋಚಾದ ಬಂದೂಕಿನವರೂ ಗೇಟು ತೆಗೆದರೆಂದು ಮನೆಗೆ ಹೋಗಲಿಲ್ಲ. 2025ರ ಜನವರಿಯಲ್ಲಿ ಕೂಕುತಾದ ಉತ್ತರಕ್ಕಿರುವ ಕತತುಂಬೊ ಸೀಮೆಯಲ್ಲಿ ಇಎಲ್‌ಎನ್ ಮತ್ತು ಇನ್ನೊಂದು ಗುಂಪಿನ ಕಾಳಗಕ್ಕೆ ಐವತ್ತು ಸಾವಿರ ಜನ ಊರು ಬಿಟ್ಟು ಓಡಿದರು. ಕೋಕಾ ಬೆಳೆ, ಗಡಿದಾರಿ, ಎರಡೂ ಆ ಕಾಳಗದ ಹಿಂದೆ ಇವೆ.

ಗಡಿಯಲ್ಲಿ ತಪಾಸಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಸುಂಕ ಇರಲಿ, ಲಾರಿ ತೂಕ ಆಗಲಿ, ದನಗಳಿಗೆ ಕಾಲುಬಾಯಿ ಜ್ವರದ ಪರೀಕ್ಷೆ ಆಗಲಿ. ಅದೆಲ್ಲಾ ಆಗಬೇಕಾದರೆ ಸರಕು ಸೇತುವೆಯ ಮೇಲೆ ಬರಬೇಕು. ಪೊದೆಯೊಳಗೆ ನಡೆದು ಹೋಗುವ ದನಕ್ಕೆ ಯಾವ ಪಶುವೈದ್ಯ ಸೂಜಿ ಹಾಕುತ್ತಾನೆ? ನಾನು ಬೇಡ ಅನ್ನುವುದು ಒಂದನ್ನೇ: ರಾತ್ರಿ ಒಬ್ಬ ಅಧ್ಯಕ್ಷ ಟಿವಿಯಲ್ಲಿ ಬಂದು ಹೇಳಿದ ಮಾತಿಗೆ ಬೆಳಗ್ಗೆ ಒಂದು ಊರಿನ ಅನ್ನದ ದಾರಿ ಮುಚ್ಚಿಹೋಗುವುದು. ಮುಚ್ಚಲೇಬೇಕು ಅಂದರೆ ಎಷ್ಟು ದಿನದ ಮುನ್ಸೂಚನೆ, ಹಳೇ ಬಾಕಿ ಯಾರು ತೀರಿಸಬೇಕು, ಕೊಳೆಯುವ ಮಾಲಿಗೆ ಯಾರು ಹೊಣೆ, ಇಷ್ಟನ್ನಾದರೂ ಎರಡು ದೇಶ ಮೊದಲೇ ಬರೆದು ಸಹಿ ಹಾಕಿಕೊಳ್ಳಬೇಕು.

2023ರ ಫೆಬ್ರವರಿ 16ರಂದು ಪೆತ್ರೊ ಮತ್ತು ಮದುರೊ ಅದೇ ತಿಯೆಂಡಿತಾಸ್ ಸೇತುವೆಯ ಮೇಲೆ ಕೂತು ಸುಂಕ ರಿಯಾಯಿತಿಯ ಒಪ್ಪಂದಕ್ಕೆ ಸಹಿ ಹಾಕಿದರು. ಎರಡು ವರ್ಷ ತುಂಬುವ ಮೊದಲೇ, 2025ರ ಜನವರಿ 10ರ ಶುಕ್ರವಾರ, ಮದುರೊ ಮೂರನೇ ಸಲ ಪ್ರಮಾಣವಚನ ತೆಗೆದುಕೊಂಡ ದಿನ, ಪಿತೂರಿ ನಡೆದಿದೆ ಅಂತ ಹೇಳಿ ತಾಚಿರಾದ ಗಡಿಯನ್ನು ಬೆಳಗ್ಗೆಯೇ ಮುಚ್ಚಿದರು. ಸೋಮವಾರ ಬೆಳಗಿನ ಜಾವದವರೆಗೆ ಸೇತುವೆ ಮುಚ್ಚೇ ಇತ್ತು.